ತೊಂಬತ್ತು ದಾಟಿದ ಮೇಲಿನ ನಡುಕ

ಗಾಡಿ ನಡುಗುತ್ತದೆ ಎಂದು ಜಲಜಾಕ್ಷಿ ಹೇಳಿದ್ದು ಒಂದು ಸಲವಲ್ಲ, ಎರಡು ಸಲವಲ್ಲ. ಬೆಳಿಗ್ಗೆ ಬಂದು ಕೀ ಇಡುವಾಗ ಹೇಳಿದಳು, ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಹೇಳಿದಳು, ಸಂಜೆ ದೇವರ ದೀಪ ಹಚ್ಚಿ ಈಚೆ ಬಂದವಳೇ ಹೇಳಿದಳು. ಗಂಡ ಕಾಂತಪ್ಪ ಪ್ರತಿ ಸಲವೂ ಹೂಂ ಎಂದ. ನೋಯ್ಡಾದಲ್ಲಿ ಇಪ್ಪತ್ತಾರು ವರ್ಷದಿಂದ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿರುವ ಮನುಷ್ಯ. ಚಟ್ನಿಗೆ ಒಂದು ಚಿಟಿಕೆ ಉಪ್ಪು ಕಡಿಮೆಯಾದರೆ ಗಲ್ಲೆ ಬಿಟ್ಟು ಅಡುಗೆಮನೆಗೆ ನುಗ್ಗುತ್ತಾನೆ. ಹೆಂಡತಿ ಓಡಿಸುವ ಗಾಡಿ ಎಕ್ಸ್‌ಪ್ರೆಸ್‌ವೇಯಲ್ಲಿ ಗಡಗಡ ಎನ್ನುತ್ತದೆ ಎಂದರೆ ಮಾತ್ರ ಹೂಂ.

ಆ ಗಾಡಿ ಅವಳ ಶೋಕಿಗೆ ಇದ್ದದ್ದಲ್ಲ. ದಿನಾ ಬೆಳಿಗ್ಗೆ ಆರೂಕಾಲಿಗೆ ಹಿಂದಿನ ಸೀಟು ಮಡಚಿ, ಇಡ್ಲಿಯ ಡಬ್ಬ, ವಡೆಯ ಡಬ್ಬ, ಸಾಂಬಾರಿನ ಎರಡು ದೊಡ್ಡ ಡಬ್ಬ ಇಟ್ಟುಕೊಂಡು ಗ್ರೇಟರ್ ನೋಯ್ಡಾದ ಒಂದು ಆಫೀಸಿನ ಕ್ಯಾಂಟೀನಿಗೆ ಮುಟ್ಟಿಸುವವಳು ಅವಳು. ಆ ಕ್ಯಾಂಟೀನನ್ನು ಹಿಡಿದವಳೂ ಅವಳೇ. ಅದಕ್ಕಾಗಿ ನಲವತ್ತೇಳನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಕಲಿಸುವವನು "ಆಂಟೀಜೀ, ಕ್ಲಚ್, ಕ್ಲಚ್!" ಎಂದು ನಡುರಸ್ತೆಯಲ್ಲಿ ಕಿರುಚಿದ್ದನ್ನೆಲ್ಲ ನುಂಗಿಕೊಂಡು ಲೈಸೆನ್ಸ್ ತೆಗೆದಳು. ಮೂರು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷ ತೆಂಗಿನಕಾಯಿ ತುರಿದವಳಿಗೆ, ದಿನಕ್ಕೆ ಒಂದು ಗಂಟೆ ತನ್ನದು ಅಂತ ಇದ್ದದ್ದು ಆ ರಸ್ತೆ ಒಂದೇ.

ನಡುಕ ಶುರುವಾದದ್ದು ಆಯುಧಪೂಜೆ ಕಳೆದ ಮೇಲೆ. ಆಯುಧಪೂಜೆ ಬಂತೆಂದರೆ ಕಾಂತಪ್ಪನನ್ನು ಹಿಡಿಯುವವರಿಲ್ಲ. ಗ್ರೈಂಡರು, ಕಾವಲಿ, ಗ್ಯಾಸ್ ಒಲೆ, ಫ್ರಿಜ್ಜು, ಎಲ್ಲವನ್ನೂ ತಿಕ್ಕಿ ತೊಳೆದು ಕುಂಕುಮ ಹಚ್ಚುತ್ತಾನೆ. ಕಾರಿನ ಹತ್ತಿರವಂತೂ ಯಾರನ್ನೂ ಬಿಡುವುದಿಲ್ಲ. ಈ ಸಲ ಪಂಚೆ ಎತ್ತಿ ಕಟ್ಟಿ ಎರಡು ಗಂಟೆ ತಾನೇ ಕುಕ್ಕರುಗಾಲಲ್ಲಿ ಕೂತು ತೊಳೆದಿದ್ದ. ಜಲಜಾಕ್ಷಿ ಒಳಗೆ ಪಾಯಸಕ್ಕೆ ಕೈಯಾಡಿಸುತ್ತಿದ್ದಳು. ಹೊರಗೆ ಬಂದು ನೋಡಿದರೆ ನಾಲ್ಕೂ ಚಕ್ರಗಳು ಬೆಳಗಿಟ್ಟ ಊಟದ ತಟ್ಟೆಯ ಹಾಗೆ ಹೊಳೆಯುತ್ತಿದ್ದವು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಬೇಕು. ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಗಾಡಿಯನ್ನು ಒಂದು ಮಾರು ಮುಂದಕ್ಕೆ ಓಡಿಸಿ ಪೂಜೆ ಮುಗಿಸಿದರು.

ಕ್ಯಾಂಟೀನಿಗೆ ಎರಡು ದಿನ ರಜೆ. ಮೂರನೆಯ ದಿನ ಬೆಳಿಗ್ಗೆ, ಮುಳ್ಳು ಎಂಬತ್ತೈದು ದಾಟುತ್ತಿದ್ದ ಹಾಗೇ ಅವಳ ಕೈಬಳೆಗಳು ಕಿಣಿಕಿಣಿ ಎನ್ನತೊಡಗಿದವು. ರೇಡಿಯೋ ಇರಬೇಕೆಂದು ಮೊದಲು ಅದನ್ನು ಆರಿಸಿದಳು. ತೊಂಬತ್ತಕ್ಕೆ ಸ್ಟೇರಿಂಗ್ ಕೈಯೊಳಗೇ ನಡುಗಿತು. ತೊಂಬತ್ತೈದಕ್ಕೆ ಹಿಂದಿನ ಡಬ್ಬಗಳ ಮುಚ್ಚಳವೂ ಸೇರಿಕೊಂಡಿತು. ಎಡಕ್ಕೆ ಇಟ್ಟಿಗೆ ತುಂಬಿದ ಟ್ರಕ್ಕು, ಹಿಂದೆ ಲೈಟು ಹೊಡೆಯುತ್ತಿದ್ದ ದೊಡ್ಡ ಗಾಡಿ. ಕಾಲು ಸಡಿಲಿಸಿದಳು. ಎಂಬತ್ತಕ್ಕೆ ಇಳಿದದ್ದೇ ತಡ, ಎಲ್ಲ ತಣ್ಣಗಾಯಿತು. ಅಂಗೈ ಒದ್ದೆಯಾಗಿತ್ತು.

ಅವತ್ತಿನಿಂದ ಹೇಳಲು ಶುರು. ಹತ್ತು ದಿನ ಹೇಳಿದ ಮೇಲೆ ಕಾಂತಪ್ಪ ಗಾಡಿಯನ್ನು ತನ್ನ ಖಾಯಂ ಗ್ಯಾರೇಜಿಗೆ ಬಿಟ್ಟ. ಗ್ಯಾರೇಜಿನ ರಾಹುಲ್ ಒಳ್ಳೆಯ ಹುಡುಗ, ಮಸಾಲೆ ದೋಸೆ ಎಂದರೆ ಪ್ರಾಣ. ಅವನು ಗಾಡಿಯನ್ನು ಸೆಕ್ಟರಿನೊಳಗೆ ಎರಡು ಸುತ್ತು ಹೊಡೆಸಿ ತಂದ. ಅಲ್ಲಿ ಹೆಜ್ಜೆಗೊಂದು ಹಂಪು, ಹಂಪಿಗೊಂದು ಹಸು. ನಲವತ್ತರ ಮೇಲೆ ಹೋಗುವ ಮಾತೇ ಇಲ್ಲ.

"ಕುಛ್ ನಹೀ ಹೈ, ಅಂಕಲ್. ಗಾಡಿ ಬೆಣ್ಣೆ ಆಗಿದೆ," ಎಂದು ಅವನು ವರದಿ ಕೊಟ್ಟದ್ದು ಕಾಂತಪ್ಪನಿಗೆ. ಜಲಜಾಕ್ಷಿ ಪಕ್ಕದಲ್ಲೇ ನಿಂತಿದ್ದಳು. "ಅಲೈನ್‌ಮೆಂಟ್ ಸ್ವಲ್ಪ ಔಟ್ ಇತ್ತು, ಮಾಡಿಕೊಟ್ಟಿದ್ದೇನೆ. ಮೇಡಂ ಎಲ್ಲೋ ಗುಂಡಿಗೆ ಇಳಿಸಿರಬೇಕು."

"ಭಯ್ಯಾ, ನಾನು ಹೇಳಿದ್ದು ತೊಂಬತ್ತರಲ್ಲಿ. ನೀನು ತೊಂಬತ್ತರಲ್ಲಿ ಓಡಿಸಿ ನೋಡಿದೆಯಾ?" ಎಂದು ಅವಳು ಹಿಂದಿಯಲ್ಲೇ ಕೇಳಿದಳು.

ರಾಹುಲ್ ನಕ್ಕ. ನಕ್ಕು, ಕಾಂತಪ್ಪನ ಮುಖ ನೋಡಿದ. "ಅಂಕಲ್, ಲೇಡೀಸಿಗೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯುವ ಅಭ್ಯಾಸ ಇರುತ್ತದೆ. ಅದಕ್ಕೇ ಹಾಗೆ ಅನಿಸುತ್ತದೆ."

ಜಲಜಾಕ್ಷಿಗೆ ಸಿಟ್ಟು ತಲೆಗೇರಿತು. ಗಟ್ಟಿಯಾಗಿ ಹಿಡಿದರೆ ಸ್ಟೇರಿಂಗ್ ನಡುಗುತ್ತದಂತೆ! ಹಿಟ್ಟಿನ ಪಾತ್ರೆ ಎತ್ತಿ ಎತ್ತಿ ಗಂಟುಕಟ್ಟಿದ ಕೈ ಇದು, ಇವನು ಇದಕ್ಕೆ ಹಿಡಿಯುವುದನ್ನು ಕಲಿಸುತ್ತಾನೆ. ಏನಾದರೂ ಅನ್ನುವಷ್ಟರಲ್ಲಿ ಕಾಂತಪ್ಪನೂ ನಕ್ಕುಬಿಟ್ಟಿದ್ದ. ರಾಹುಲನ ನಗುವನ್ನು ಅವಳು ಆ ಸಂಜೆಗೆ ಮರೆತಳು. ಕಾಂತಪ್ಪನ ನಗುವನ್ನು ಮರೆಯಲಿಲ್ಲ.

ಮಾರನೆಯ ದಿನ ಮತ್ತೆ ತೊಂಬತ್ತಕ್ಕೆ ಅದೇ ಬಳೆ, ಅದೇ ಗಡಗಡ. ಎಂಬತ್ತರಲ್ಲೇ ಹೋದರೆ ಕ್ಯಾಂಟೀನಿನ ಮ್ಯಾನೇಜರು ಬಾಗಿಲಲ್ಲೇ ನಿಂತು ಗಡಿಯಾರ ತೋರಿಸುತ್ತಾನೆ. ತೊಂಬತ್ತೈದಕ್ಕೆ ಹೋದರೆ ಜೀವ ಕೈಯಲ್ಲಿ. ಶನಿವಾರ ಹೋಟೆಲಿಗೆ ಬಂದವಳೇ ಕೀಯನ್ನು ಗಲ್ಲೆಯ ಮೇಲೆ ಠಪ್ಪೆಂದು ಇಟ್ಟಳು.

"ರಿಪೇರಿ ಆಗಿಲ್ಲ. ನಿಮ್ಮ ರಾಹುಲ್ ದೋಸೆ ತಿಂದು ಹೋದದ್ದು ಅಷ್ಟೇ."

ತಿಂಡಿಯ ಹೊತ್ತು. ಹೋಟೆಲು ತುಂಬಿತ್ತು. ಕನ್ನಡ ಸಂಘದ ನಾಲ್ಕು ಜನ ಮುಂದಿನ ಮೇಜಿನಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಗಲ್ಲೆಯ ಮೇಲೆ ಫ್ಯಾನಿನ ಗಾಳಿಗೆ ಆರ್ಡರಿನ ಚೀಟಿಗಳು ಪಟಪಟ ಎನ್ನುತ್ತಿದ್ದವು. ಅವುಗಳ ಮೇಲೆ ಕಾಂತಪ್ಪ ಬೂದುಬಣ್ಣದ ಲೋಹದ ಪಟ್ಟಿಗಳನ್ನು ಇಟ್ಟಿದ್ದ. ಬೆರಳುದ್ದ, ಚಾಕಲೇಟಿನ ಹಾಗೆ ಚೌಕಚೌಕ. ಹಬ್ಬ ಕಳೆದಾಗಿನಿಂದ ಅವು ಅಲ್ಲೇ ಇದ್ದವು. ಅದೇನೆಂದು ಅವಳು ಒಮ್ಮೆ ಕೇಳಿದ್ದಳು. "ಏನೋ ಹಾಳುಮೂಳು, ಭಾರ ಇದೆ, ಇರಲಿ," ಎಂದಿದ್ದ. ಈ ಮನುಷ್ಯ ಹರಿದ ರಬ್ಬರ್ ಬ್ಯಾಂಡನ್ನೂ ಎಸೆಯುವವನಲ್ಲ.

ಸಂಘದವರು ತಿರುಗಿ ನೋಡಿದ್ದು ಕಾಂತಪ್ಪನಿಗೆ ತಾಗಿತು. ಗಂಟಲು ಏರಿಸಿದ.

"ರಿಪೇರಿ ಆಗಿದೆ! ಗಾಡಿ ಸರಿಯಿದೆ, ಓಡಿಸುವವರು ಸರಿಯಿಲ್ಲ. ಗುಂಡಿ ನೋಡದೆ ಇಳಿಸಿದ್ದು ನೀನು, ಈಗ ಮೆಕ್ಯಾನಿಕ್ಕಿಗೆ ಬೈದರೆ? ಐವತ್ತಕ್ಕೆ ಹತ್ತಿರ ಬಂದು ಡ್ರೈವಿಂಗ್ ಕಲಿತರೆ ಹೀಗೇ ಆಗುವುದು. ಸಾಕು ಮಾರಾಯ್ತಿ, ಸೋಮವಾರದಿಂದ ನಿತೇಶ ಹೋಗುತ್ತಾನೆ."

ಕೀ ಎತ್ತಿ ತನ್ನ ತಲೆಯ ಹಿಂದಿನ ಮೊಳೆಗೆ, ಗಣಪತಿಯ ಪಟದ ಕೆಳಗೆ ನೇತುಹಾಕಿದ. ಸಂಘದವರೊಬ್ಬರು "ಹೌದೌದು, ಎಕ್ಸ್‌ಪ್ರೆಸ್‌ವೇ ಎಲ್ಲ ಹೆಂಗಸರಿಗೆ ಕಷ್ಟ," ಎಂದು ದನಿಗೂಡಿಸಿದರು. ದೋಸೆ ಹುಯ್ಯುವವನು ಕಾವಲಿಯ ಮೇಲೆ ಕಣ್ಣಿಟ್ಟುಕೊಂಡು ಕೇಳದವನ ಹಾಗೆ ನಿಂತ. ಜಲಜಾಕ್ಷಿಗೆ ಅಳು ಬರಲಿಲ್ಲ. ಕಿವಿಯ ತನಕ ಬಿಸಿಯಾಯಿತು. ಹಿಂದಿನ ಕೋಣೆಗೆ ಹೋಗಿ, ಯಾರೂ ಹೇಳದಿದ್ದರೂ, ಹನ್ನೆರಡು ತೆಂಗಿನಕಾಯಿ ತುರಿದಳು.

ನಿತೇಶ ಎಂದರೆ ಕಾಂತಪ್ಪನ ತಮ್ಮನ ಮಗ. ದೆಹಲಿಯಲ್ಲೇ ಹುಟ್ಟಿದವನು, ಮೂವತ್ತು ದಾಟಿದವನು, ಹೋಟೆಲಿನ ಆನ್‌ಲೈನ್ ಆರ್ಡರು ನೋಡಿಕೊಳ್ಳುವವನು. ಸೋಮವಾರ ಹೋಗಿ ಬಂದ.

"ದೊಡ್ಡಮ್ಮ, ನನಗೆ ಕುಛ್ ಭೀ ಫೀಲ್ ಆಗಲಿಲ್ಲ. ಬಿಲ್ಕುಲ್ ಸ್ಮೂತ್."

"ನೋಡು!" ಎಂದ ಕಾಂತಪ್ಪ.

"ಎಷ್ಟು ಹೊತ್ತಿಗೆ ಮುಟ್ಟಿದೆ?" ಎಂದು ಜಲಜಾಕ್ಷಿ ಕೇಳಿದಳು.

"ಸೆವೆನ್ ಹೋಗಿತ್ತು ದೊಡ್ಡಮ್ಮ. ಸಾಂಬಾರ್ ಚೆಲ್ಲಬಾರದು ಅಂತ ಆರಾಮ್ ಸೇ ಹೋದೆ. ಸಿಕ್ಸ್ಟಿ."

"ಅರವತ್ತರಲ್ಲಿ ಹೋದರೆ ಎಲ್ಲಿಂದ ಫೀಲ್ ಆಗುತ್ತದೋ? ನಾನು ಬಾಯಿ ಬಡಿದುಕೊಳ್ಳುತ್ತಿರುವುದು ತೊಂಬತ್ತು, ತೊಂಬತ್ತು ಅಂತ!"

ನಿತೇಶ ದೊಡ್ಡಪ್ಪನ ಮುಖ ನೋಡಿದ. ಎಲ್ಲರೂ ನೋಡುವುದು ಆ ಮುಖವನ್ನೇ. ಗಾಡಿ ಓಡಿಸಿದವಳು ಅವಳು, ನಡುಕ ತಿಂದವಳು ಅವಳು, ಕೇಳುವುದು ಮಾತ್ರ ಗಲ್ಲೆಯ ಮೇಲೆ ಕೂತವನನ್ನು. ಇವರಿಗೆಲ್ಲ ಏನಾಗಿದೆ ಎಂದು ಅವಳು ಅಡುಗೆಮನೆಯಲ್ಲಿ ಗೊಣಗಿದಳು, ಬೈದಳು, ಒಂದು ಲೋಟವನ್ನು ಬೇಕೆಂದೇ ಕೆಳಗೆ ಬೀಳಿಸಿದಳು. ಬುಧವಾರ ಕ್ಯಾಂಟೀನಿನ ಮ್ಯಾನೇಜರು ಫೋನು ಮಾಡಿ, ಇಡ್ಲಿ ಹೀಗೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದ. ಫೋನು ಬಂದದ್ದು ಅವಳಿಗೆ. ಆ ಒಂದು ವಿಷಯಕ್ಕೆ ಮಾತ್ರ ಯಾರೂ ಕಾಂತಪ್ಪನ ಮುಖ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಗಾಡಿ ಮನೆಯ ಕೆಳಗೆ ಖಾಲಿ ನಿಂತಿದ್ದಾಗ, ಬೀರುವಿನಲ್ಲಿ ಸೀರೆಯ ಕೆಳಗಿದ್ದ ಎರಡನೆಯ ಕೀ ತೆಗೆದುಕೊಂಡಳು. ಸ್ವಂತ ಗಾಡಿಯನ್ನು ಕಳ್ಳಿಯ ಹಾಗೆ ತೆಗೆಯಬೇಕಾಯಿತಲ್ಲ ಎಂದು ಮತ್ತಷ್ಟು ಉರಿಯಿತು. ರಾಹುಲನ ಗ್ಯಾರೇಜಿನ ಎದುರಿಗೇ ಹಾದು, ಆ ಕಡೆ ತಲೆ ಕೂಡ ತಿರುಗಿಸದೆ, ಓಖ್ಲಾ ಕಡೆಗೆ ಹೋಗುವ ರಸ್ತೆಯ ಬದಿಯ ಒಂದು ಟೈರಿನ ಅಂಗಡಿಯ ಮುಂದೆ ನಿಲ್ಲಿಸಿದಳು. ಅಂಗಡಿಯ ಇರ್ಫಾನ್ ಭಯ್ಯಾಗೆ ಅರವತ್ತರ ಮೇಲಾಗಿರಬೇಕು. ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಭಯ್ಯಾ, ಗಾಡಿ ನಡುಗುತ್ತದೆ," ಎಂದಳು. ಗಂಡ ಎಲ್ಲಿ, ಡ್ರೈವರ್ ಎಲ್ಲಿ ಎಂದು ಕೇಳಿದರೆ ಅಲ್ಲಿಯೇ ಜಗಳಕ್ಕೆ ನಿಲ್ಲುವುದು ಎಂದು ತಯಾರಾಗಿಯೇ ಬಂದಿದ್ದಳು.

"ಎಷ್ಟು ಸ್ಪೀಡಿನಲ್ಲಿ?" ಎಂದು ಕೇಳಿದ ಇರ್ಫಾನ್.

ಇಷ್ಟು ದಿನದಲ್ಲಿ ಈ ಪ್ರಶ್ನೆ ಕೇಳಿದವನು ಇವನೊಬ್ಬನೇ. ಕಣ್ಣು ತುಂಬಿಕೊಂಡದ್ದಕ್ಕೆ ಜಲಜಾಕ್ಷಿಗೆ ತನ್ನ ಮೇಲೇ ಸಿಟ್ಟು ಬಂತು.

"ಎಂಬತ್ತೈದಕ್ಕೆ ಶುರು. ತೊಂಬತ್ತೈದಕ್ಕೆ ಜೋರು. ಎಂಬತ್ತಕ್ಕೆ ಇಳಿದರೆ ಇಲ್ಲ."

"ಸ್ಟೇರಿಂಗಿನಲ್ಲೋ, ಕೂತ ಸೀಟಿನಲ್ಲೋ?"

"ಸ್ಟೇರಿಂಗಿನಲ್ಲಿ ಜಾಸ್ತಿ. ನನ್ನ ಬಳೆ ಸದ್ದು ಮಾಡುತ್ತದೆ. ಸೀಟಿನಲ್ಲಿ ಸ್ವಲ್ಪ."

"ಬ್ರೇಕ್ ಒತ್ತಿದರೆ ಹೆಚ್ಚಾಗುತ್ತದಾ?"

"ಇಲ್ಲ."

"ಓಡುತ್ತಿರುವಾಗ ನ್ಯೂಟ್ರಲಿಗೆ ಹಾಕಿ ನೋಡಿದ್ದೀರಾ?"

"ಒಂದು ದಿನ ಮುಂದೆ ಹಿಂದೆ ಯಾರೂ ಇಲ್ಲದಾಗ ನೋಡಿದೆ. ಆಗಲೂ ನಡುಗಿತು. ಹಾಗಾದರೆ ಎಂಜಿನ್ ಅಲ್ಲ, ಅಲ್ಲವಾ?"

ಇರ್ಫಾನ್ ಚಹಾದ ಲೋಟ ಕೆಳಗಿಟ್ಟು ಎದ್ದ. "ಅರ್ಧ ಕೆಲಸ ನೀವೇ ಮಾಡಿಕೊಂಡು ಬಂದಿದ್ದೀರಿ, ಬಹನ್‌ಜೀ. ಎಂಜಿನ್ ಅಲ್ಲ, ಬ್ರೇಕ್ ಅಲ್ಲ. ಇದು ಚಕ್ರ."

ಜ್ಯಾಕ್ ಕೊಟ್ಟು ಮುಂದಿನ ಎಡಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿದ. ಟಾರ್ಚು ಹಿಡಿದು ಒಳಮೈ ನೋಡಿದವನು ಅವಳನ್ನೂ ಹತ್ತಿರ ಕರೆದ. ಒಳಮೈಯಲ್ಲಿ ಒಂದು ಕಡೆ ಬೆರಳುದ್ದದ ಜಾಗ ಬೇರೆಯೇ ಬಣ್ಣಕ್ಕಿತ್ತು, ಅಂಚಿನಲ್ಲಿ ಹಳೆಯ ಗೋಂದು. ಅದರ ಮೇಲೆ ಉದ್ದುದ್ದ ಗೀರುಗಳು, ನಾಲ್ಕು ಬೆರಳಿನಗಲದ ಚಪ್ಪಟೆ ಅಲಗಿನಿಂದ ಒತ್ತಿ ಎಬ್ಬಿಸಿದ ಹಾಗೆ.

"ಇಲ್ಲಿ ತೂಕ ಅಂಟಿಸಿರುತ್ತಾರೆ," ಎಂದ ಇರ್ಫಾನ್. "ಟೈರು ಎಲ್ಲ ಕಡೆ ಒಂದೇ ಭಾರ ಇರುವುದಿಲ್ಲ. ಕಡಿಮೆ ಇರುವ ಕಡೆ ಈ ತೂಕ ಹಾಕಿ ಸಮ ಮಾಡುತ್ತಾರೆ. ಇದು ಹೋದರೆ ನಿಧಾನ ಹೋಗುವಾಗ ಗೊತ್ತೇ ಆಗುವುದಿಲ್ಲ, ಜೋರು ಹೋದರೆ ಚಕ್ರ ಕುಣಿಯುತ್ತದೆ. ನಿಮ್ಮದು ತಾನಾಗಿ ಬಿದ್ದದ್ದಲ್ಲ. ಯಾರೋ ಕೆರೆದು ತೆಗೆದಿದ್ದಾರೆ."

"ಗುಂಡಿಗೆ ಇಳಿಸಿದರೆ ಹೀಗೆ ಆಗುತ್ತದಾ?"

"ಗುಂಡಿಗೆ ಕೈ ಇರುತ್ತದಾ ಕೆರೆಯುವುದಕ್ಕೆ?"

ಉಳಿದ ಮೂರು ಚಕ್ರ ಬಿಚ್ಚಿದರೂ ಅದೇ ಗೋಂದು, ಅದೇ ಗೀರು. ಇರ್ಫಾನ್ ಹೊಸ ತೂಕಕ್ಕೆಂದು ಡ್ರಾಯರ್ ಎಳೆದು ಒಂದು ಪಟ್ಟಿ ತೆಗೆದ. ಬೂದುಬಣ್ಣ. ಬೆರಳುದ್ದ. ಚಾಕಲೇಟಿನ ಹಾಗೆ ಚೌಕಚೌಕ.

ಜಲಜಾಕ್ಷಿ ಆ ಪಟ್ಟಿಯನ್ನು ಅವನ ಕೈಯಿಂದ ಕಿತ್ತುಕೊಂಡೇಬಿಟ್ಟಳು. ತಿರುಗಿಸಿ ನೋಡಿದಳು. ನಾಲ್ಕು ಬೆರಳಿನಗಲದ ಆ ಅಲಗು ಯಾವುದೆಂದೂ ಆಗಲೇ ಹೊಳೆಯಿತು. ಕಾವಲಿಯ ಮೇಲೆ ದೋಸೆ ಎಬ್ಬಿಸುವ ಸಟ್ಟುಗ! ಕಾಂತಪ್ಪನಿಗೆ ಜಗತ್ತಿನಲ್ಲಿ ಅಂಟಿಕೊಂಡದ್ದು ಏನಿದ್ದರೂ ಅದಕ್ಕೆ ಸಟ್ಟುಗವೇ ಆಗಬೇಕು. ಗೋಡೆಯ ಮೇಲಿನ ಪೋಸ್ಟರಿಗೂ ಅದೇ, ಫ್ರಿಜ್ಜಿನ ಐಸಿಗೂ ಅದೇ. ಪಂಚೆ ಎತ್ತಿ ಕಟ್ಟಿ ಎರಡು ಗಂಟೆ ಕೂತು, ಚಕ್ರದ ಕಡ್ಡಿಗಳ ಸಂದಿಯಿಂದ ಅದನ್ನೇ ತೂರಿಸಿದ್ದಾನೆ. ಕಸ ಎಂದುಕೊಂಡು ಕೆರೆದಿದ್ದಾನೆ. ಕೆರೆದದ್ದನ್ನು ಎಸೆಯದೆ ಚೀಟಿಗೆ ಭಾರ ಇಟ್ಟಿದ್ದಾನೆ. ಅದರ ಎದುರಿಗೇ ಕೂತು, ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದ್ದಾನೆ, ಓಡಿಸುವವರು ಸರಿಯಿಲ್ಲ ಅಂತ.

"ಬಹನ್‌ಜೀ, ಕೂತುಕೊಳ್ಳಿ, ನೀರು ತರಿಸಲಾ?" ಎಂದು ಇರ್ಫಾನ್ ಗಾಬರಿಯಾಗಿ ಕೇಳಿದ.

"ಬೇಡ. ನಾಲ್ಕೂ ಚಕ್ರ ಮೆಷಿನ್ನಿಗೆ ಹಾಕಿ ಸಮ ಮಾಡಿಕೊಡಿ. ನನಗೆ ಹೋಟೆಲಿನಲ್ಲಿ ಸ್ವಲ್ಪ ಕೆಲಸ ಇದೆ."

ಅವಳು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದಾಗ ಒಂದು ಗಂಟೆ, ಊಟದ ನೂಕುನುಗ್ಗಲು. ಸಂಘದವರಲ್ಲಿ ಇಬ್ಬರು ಅವತ್ತೂ ಇದ್ದರು. ಜಲಜಾಕ್ಷಿ ನೇರ ಗಲ್ಲೆಗೆ ಬಂದು, ಚೀಟಿಗಳ ಮೇಲಿದ್ದ ಬೂದು ಪಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಫ್ಯಾನಿನ ಗಾಳಿಗೆ ಚೀಟಿಗಳು ಎದ್ದು ಹಾರಿ ಯಾರದೋ ಸಾಂಬಾರಿನೊಳಗೆ ಬಿದ್ದವು.

"ಏ ಏ ಏ! ಎಂತ ಮಾಡುತ್ತೀ!" ಎಂದು ಕಾಂತಪ್ಪ ಎರಡು ಕೈ ಚಾಚಿದ.

"ಇದು ಎಲ್ಲಿ ಸಿಕ್ಕಿತು ನಿಮಗೆ?"

"ಅದಾ? ಹಬ್ಬದ ದಿನ ಚಕ್ರಕ್ಕೆ ಅಂಟಿಕೊಂಡಿತ್ತು. ಏನೋ ಗೋಂದು, ಕೊಳೆ. ಸಟ್ಟುಗದಲ್ಲಿ ಎಬ್ಬಿಸಿದೆ. ಭಾರ ಇದೆಯಲ್ಲ, ಎಸೆಯುವುದು ಯಾಕೆ ಅಂತ..."

ಅಷ್ಟರಲ್ಲಿ ಅವಳು ಇರ್ಫಾನನ ಅಂಗಡಿಯ ಹೊಸ ಪಟ್ಟಿಯನ್ನು ಅದರ ಪಕ್ಕದಲ್ಲಿ ಇಟ್ಟಳು. ಎರಡೂ ಒಂದೇ. ಕಾಂತಪ್ಪ ಒಮ್ಮೆ ಅದನ್ನು ನೋಡಿದ, ಒಮ್ಮೆ ಇದನ್ನು ನೋಡಿದ.

"ಇದು ಕೊಳೆ ಅಲ್ಲ. ಚಕ್ರ ನಡುಗದ ಹಾಗೆ ಕಂಪನಿಯವರು ಹಾಕಿದ ತೂಕ. ನಾಲ್ಕೂ ಚಕ್ರದ್ದು ಕೆರೆದಿದ್ದೀರಿ. ಹೊಸದು ಹಾಕಿಸಿಕೊಂಡು ಬಂದೆ. ಗುಂಡಿಯೂ ಇಲ್ಲ, ಗಿಂಡಿಯೂ ಇಲ್ಲ."

ಕಾಂತಪ್ಪನ ಮುಖ ಇಳಿಯಿತು. ಗಲ್ಲೆಯ ಮೇಲೆ ಬಗ್ಗಿ, ಸಣ್ಣ ದನಿಯಲ್ಲಿ, "ಆಯ್ತು, ಒಳಗೆ ಬಾ, ಮನೆಯಲ್ಲಿ ಮಾತಾಡುವ. ಗೊತ್ತಿಲ್ಲದೆ ಆಯಿತು ಮಾರಾಯ್ತಿ," ಎಂದ.

"ಒಳಗೆ ಯಾಕೆ? ಅವತ್ತು ಒಳಗೆ ಕರೆದು ಹೇಳಿದಿರಾ?"

"ಜನ ನೋಡುತ್ತಿದ್ದಾರೆ ಜಲಜಾ."

"ಅವತ್ತೂ ನೋಡುತ್ತಿದ್ದರು!" ಅವಳ ದನಿಗೆ ದೋಸೆ ಹುಯ್ಯುವವನ ಕೈ ಕಾವಲಿಯ ಮೇಲೇ ನಿಂತಿತು. "ಅವತ್ತು ಇವರೆಲ್ಲ ಕೇಳಿಸಿಕೊಂಡರು. ಇವತ್ತೂ ಕೇಳಿಸಿಕೊಳ್ಳಲಿ. ಇನ್ನೊಂದು ಕೀ ಇಟ್ಟುಕೊಂಡು ಕಳ್ಳಿಯ ಹಾಗೆ ಹೋಗಿದ್ದೆ ನಾನು. ನನ್ನ ಕೀ ಅಲ್ಲಿ ಮೊಳೆಯಲ್ಲಿದೆ. ಅದನ್ನು ನಾನು ತೆಗೆಯುವುದಿಲ್ಲ. ಹಾಕಿದವರು ನೀವು, ನೀವೇ ತೆಗೆದುಕೊಡಿ. ಕೊಡುವಾಗ ಹೇಳಿ ಕೊಡಿ."

ಕಾಂತಪ್ಪ ಎದ್ದ, ಗಣಪತಿಯ ಪಟದ ಕಡೆ ತಿರುಗಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತ. ಕೀ ತೆಗೆದುಕೊಂಡು ಅವಳ ಕಡೆ ಚಾಚಿದ.

"ಗಾಡಿ ಹಾಳು ಮಾಡಿದ್ದು ಇವಳಲ್ಲ. ನಾನು," ಎಂದ.

"ಸಂಘದವರಿಗೆ ಕೇಳಿಸಲಿಲ್ಲ."

"ನಾನು! ಹಾಳು ಮಾಡಿದ್ದು ನಾನು!" ಎಂದು ಕಾಂತಪ್ಪ ಕೂಗಿದ. ಸಂಘದವರು ತಲೆ ತಗ್ಗಿಸಿ ಅನ್ನಕ್ಕೆ ಮೊಸರು ಕಲಸತೊಡಗಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿತೇಶ "ಸಾರಿ ದೊಡ್ಡಮ್ಮ" ಎಂದದ್ದಕ್ಕೆ ಅವಳು ತಿರುಗಿಯೂ ನೋಡಲಿಲ್ಲ.

"ಮುಂದಿನ ವರ್ಷದಿಂದ ನಿಮ್ಮ ಕಾವಲಿಗೆ ನೀವು ಪೂಜೆ ಮಾಡಿ," ಎಂದಳು ಕೀ ತೆಗೆದುಕೊಂಡು. "ನನ್ನ ಗಾಡಿಗೆ ನಾನು ಮಾಡುತ್ತೇನೆ."

ಸಿಟ್ಟು ಅಷ್ಟಕ್ಕೆ ಇಳಿಯಿತು ಎಂದರೆ ಸುಳ್ಳಾಗುತ್ತದೆ. ರಾತ್ರಿಯ ಊಟಕ್ಕೆ ಅವಳು ಬಡಿಸಲಿಲ್ಲ, ಅವನೇ ಬಡಿಸಿಕೊಂಡು ಉಂಡ. ಮಾರನೆಯ ದಿನ ಬೆಳಿಗ್ಗೆ ಡಬ್ಬಗಳನ್ನು ತುಂಬುವಾಗ ಕಾಂತಪ್ಪ ಯಾರೂ ಕರೆಯದೆ ಬಂದು ಪಕ್ಕದ ಸೀಟಿನಲ್ಲಿ ಕೂತ. ಮೂರು ವರ್ಷದಲ್ಲಿ ಅವನು ಆ ದಾರಿಗೆ ಬಂದದ್ದು ಅದೇ ಮೊದಲು.

ಎಕ್ಸ್‌ಪ್ರೆಸ್‌ವೇ ಹತ್ತಿದಳು. ಎಂಬತ್ತು, ಎಂಬತ್ತೈದು, ತೊಂಬತ್ತು. ಬಳೆಗಳು ಸುಮ್ಮನಿದ್ದವು. ಎಡಗಡೆ ಒಂದು ಟ್ರಕ್ಕು ಅವನ ಕಿಟಕಿಗೆ ತಾಗುವಷ್ಟು ಹತ್ತಿರದಲ್ಲಿ ಬಂತು. ಕಾಂತಪ್ಪ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಟ್ರಕ್ಕು ಹಿಂದೆ ಬಿದ್ದ ಮೇಲೂ ಬಿಡಲಿಲ್ಲ.

"ಗಾಡಿ ನಡುಗುವಾಗಲೂ ಇವು ಇಷ್ಟು ಹತ್ತಿರ ಬರುತ್ತಿದ್ದವಾ?" ಎಂದು ಕೇಳಿದ.

"ಬರುತ್ತಿದ್ದವು."

"ನಿನಗೆ ಹೆದರಿಕೆ ಆಗಲಿಲ್ಲವಾ?"

"ಆಯಿತು," ಎಂದಳು ಜಲಜಾಕ್ಷಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಹೆದರಿಕೆ ಆಯಿತು ಅಂತಲೇ ನಿಮ್ಮ ಹತ್ತಿರ ಹೇಳಿದ್ದು. ಹೇಳಿದ್ದಕ್ಕೇ ಕೀ ಹೋಯಿತು."

ಕಾಂತಪ್ಪ ಹೂಂ ಎನ್ನಲಿಲ್ಲ.